ಸೋಮವಾರದ ತಾಮ್ರ

ಕಳೆದ ತಿಂಗಳು ತುಮಕೂರಿನಲ್ಲೊಂದು ಮದುವೆ ಮುಗಿಸಿಕೊಂಡು ಬರುವಾಗ ನಮ್ಮ ಬಸ್ಸು ನೆಲಮಂಗಲದಲ್ಲಿ ಕೆಟ್ಟು ನಿಂತಿತು. ನಿಂತದ್ದು ಒಂದು ಬ್ಯಾಟರಿ ಅಂಗಡಿಯ ಮುಂದೆ. ಡ್ರೈವರು ಬಾನೆಟ್ಟಿನೊಳಗೆ ತಲೆ ತೂರಿಸಿದ, ನಾನು ಕಾಲು ಸಡಿಲಿಸಲು ಕೆಳಗಿಳಿದೆ. ಅಂಗಡಿಯವನು ಲಾರಿ ಬ್ಯಾಟರಿಯೊಂದಕ್ಕೆ ಆಸಿಡ್ ಸುರಿಯುತ್ತಿದ್ದ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಎಪ್ಪತ್ತಾರನೆಯ ಇಸವಿಯ ಆರು ತಿಂಗಳು ಎದ್ದು ಬಂದು ಎದುರಿಗೆ ಕೂತವು. ಮುಖ ತಿರುಗಿಸಿಕೊಂಡು ಟೀ ಅಂಗಡಿಯ ಕಡೆ ನಡೆದೆ. ವಾಸನೆ ಅಲ್ಲಿಗೂ ಬಂತು.

ನಾನು ನಿವೃತ್ತನಾಗಿ ಬಹಳ ವರ್ಷವಾಯಿತು. ನನ್ನ ಬಗ್ಗೆ ಕೆಟ್ಟ ಮಾತಾಡುವವರು ಕಡಿಮೆ. ಆ ಆರು ತಿಂಗಳಲ್ಲಿ ಏನು ನಡೆಯಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಕೇಳದೆ ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಅಂತೂ ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತಾರು. ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದೆ. ಊರು ತ್ಯಾಮಗೊಂಡ್ಲು ಹೋಬಳಿಯ ಒಂದು ಹಳ್ಳಿ, ಮನೆಯಲ್ಲಿ ರಾಗಿ, ತೆಂಗು, ಎರಡು ಜೊತೆ ಎತ್ತು. ನಾನು ಹಿಡಿದಿದ್ದ ವಿಷಯ ತಾಮ್ರ. ಬರೀ ತಾಮ್ರಕ್ಕೆ ಕಾಂತದ ಗೊಡವೆ ಇಲ್ಲ. ಅದಕ್ಕೆ ಕಾಲು ಪಾಲು ಮ್ಯಾಂಗನೀಸ್ ಬೆರೆಸಿ ಕರಗಿಸಿ ಆರಿಸಿದರೆ, ಮ್ಯಾಂಗನೀಸಿನ ಕಣಗಳು ಗೊತ್ತುಗುರಿಯಿಲ್ಲದೆ ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದೊಂದು ಕಣವೂ ಒಂದು ಪುಟಾಣಿ ಕಾಂತ. ಪಕ್ಕದ ಒಂದು ಕಣ ಆ ಕಡೆ ತಿರುಗು ಎನ್ನುತ್ತದೆ, ಇನ್ನೊಂದು ಈ ಕಡೆ ಎನ್ನುತ್ತದೆ. ಚೆನ್ನಾಗಿ ತಣ್ಣಗೆ ಮಾಡಿದರೆ ಆ ಗೊಂದಲ ಹಾಗೇ ಹೆಪ್ಪುಗಟ್ಟುತ್ತದೆ. ಆಮೇಲೆ ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟರೆ ಮೊದಲು ಸ್ವಲ್ಪ ತಿರುಗುತ್ತವೆ, ಉಳಿದದ್ದು ನಿಧಾನಕ್ಕೆ, ಆಮೇಲೆ ಇನ್ನೂ ನಿಧಾನಕ್ಕೆ. ಒಂದು ದಿನ ಕಾದರೂ ಮುಗಿಯುವುದಿಲ್ಲ, ಮೂರು ದಿನಕ್ಕೂ ಇಲ್ಲ. ಆ ನಿಧಾನವನ್ನು ಅಳೆಯುವುದೇ ನನ್ನ ಕೆಲಸ.

ನಗರದಲ್ಲಿ ಅದನ್ನು ಅಳೆಯಲು ಆಗುತ್ತಿರಲಿಲ್ಲ. ರೇಷ್ಮೆ ಎಳೆಯಲ್ಲಿ ತೂಗುಬಿಟ್ಟ ಒಂದು ಸಣ್ಣ ಕಾಂತ, ಅದರ ಬೆನ್ನಿಗೆ ಉಗುರಿನಷ್ಟು ಕನ್ನಡಿ, ಕನ್ನಡಿಯಿಂದ ಎದುರಿನ ಅಳತೆಪಟ್ಟಿಯ ಮೇಲೆ ಬೀಳುವ ಬೆಳಕಿನ ಚುಕ್ಕೆ, ಇಷ್ಟೇ ನಮ್ಮ ಉಪಕರಣ. ರಸ್ತೆಯಲ್ಲಿ ಲಾರಿ ಹೋದರೆ ಚುಕ್ಕೆ ಕುಣಿಯುತ್ತಿತ್ತು, ಮೇಲಿನ ಮಹಡಿಯಲ್ಲಿ ಮೋಟಾರು ಹಾಕಿದರೆ ಪಟ್ಟಿ ಬಿಟ್ಟೇ ಹೋಗುತ್ತಿತ್ತು. ನಮ್ಮೂರಿನಲ್ಲಿ ಚಿಕ್ಕಪ್ಪನ ಹೊಲವಿದೆ, ರಸ್ತೆಯಿಂದ ಎರಡು ಮೈಲಿ ಒಳಗೆ, ಕರೆಂಟು ಕೂಡ ಇಲ್ಲ ಎಂದು ನನಗೆ ಗೈಡ್ ಆಗಿದ್ದ ಪ್ರೊಫೆಸರರಿಗೆ ನಾನೇ ಹೇಳಿದೆ. ಅವರು ಕನ್ನಡಕ ಒರೆಸುತ್ತಾ, ಹಳ್ಳಿ ಕಡೆ ಹೋದರೆ ಅಮಾವಾಸ್ಯೆ, ರಾಹುಕಾಲ ಎಂದು ಕೆಲಸ ನಿಲ್ಲಿಸುತ್ತಾರಲ್ಲಪ್ಪಾ ಎಂದು ನಕ್ಕರು. ಅಂಥದ್ದೇನೂ ಇಲ್ಲ ಸಾರ್ ಎಂದೆ. ಆ ನಗು ನನಗೆ ನಾಟಿತ್ತು. ಏನೇ ಆಗಲಿ, ಇವರ ಮುಂದೆ ಹಳ್ಳಿಗಮಾರ ಅನ್ನಿಸಿಕೊಳ್ಳಬಾರದು ಎಂದು ಅಂದೇ ತೀರ್ಮಾನಿಸಿಬಿಟ್ಟೆ.

ಮುಂಗಾರು ಹಿಡಿಯುವ ಹೊತ್ತಿಗೆ ಹೊಲದ ನಡುವೆ ಗುಡಿಸಲು ಎದ್ದಿತು. ಒಂದು ಮೊಳೆಯೂ ಇಲ್ಲದ ಗುಡಿಸಲು. ಮಣ್ಣಿನ ಗೋಡೆ, ತೆಂಗಿನ ತೊಲೆ, ತೆಂಗಿನ ಗರಿ, ಎಲ್ಲಕ್ಕೂ ನಾರಿನ ಹಗ್ಗದ ಕಟ್ಟು. ಕಬ್ಬಿಣ ಹತ್ತಿರ ಸುಳಿಯಬಾರದು. ಕೈಗಡಿಯಾರ ಹೊರಗಿನ ಹೊಂಗೆ ಮರದಲ್ಲಿ ತೂಗುತ್ತಿತ್ತು. ಕಳೆ ಕೀಳುವ ಹೆಂಗಸರು ಕುಡುಗೋಲನ್ನು ಬದುವಿನಾಚೆ ಇಟ್ಟು, ನೀರು ಕೇಳಲು ಬರಿಗೈಲಿ ಬರುತ್ತಿದ್ದರು. ಒಳಗೆ ದೇವರಿದ್ದಾನೆ ಎಂದು ಯಾರೋ ಹಬ್ಬಿಸಿ, ಒಂದು ಶುಕ್ರವಾರ ಬಾಗಿಲಲ್ಲಿ ಹೂವೂ ಇಟ್ಟು ಹೋಗಿದ್ದರು.

ಅಳತೆ ಓದಿ ಬರೆಯಲು ಒಬ್ಬ ಬೇಕಿತ್ತು. ಗಂಗಹನುಮಯ್ಯನನ್ನು ಕರೆತಂದದ್ದು ನಾನೇ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ನಮ್ಮೂರಿನವನೇ. ಏಳನೆಯ ತರಗತಿ ಮುಗಿಸಿದ್ದ, ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಶಾಲೆಯ ಹಿಂದಿದ್ದ ಸರ್ಕಾರದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ನೋಡಿ ತಾಲ್ಲೂಕು ಕಚೇರಿಗೆ ಬರೆದು ಕಳಿಸುವ ಕೆಲಸ ಅವನದೇ ಆಗಿತ್ತು. ಮಳೆ ಬಾರದ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದ. ಆಕಾಶ ನೋಡಿದರೆ ಗೊತ್ತಾಗುವುದಿಲ್ಲವಾ ಎಂದು ಜನ ರೇಗಿಸಿದರೆ, ಗೊತ್ತಾಗೋದು ಬೇರೆ ನೋಡೋದು ಬೇರೆ ಎನ್ನುತ್ತಿದ್ದ. ನಮ್ಮಲ್ಲಿ ಅವನು ದಿನಗೂಲಿಗೆ ಸೇರಿದ. ಒಂದು ಹಂಗಾಮು ಸರಿಯಾಗಿ ಕೆಲಸ ಮಾಡಿದರೆ ಸಂಕ್ರಾಂತಿಯ ಹೊತ್ತಿಗೆ ಸಂಶೋಧನಾಲಯದಲ್ಲಿ ಕಾಯಂ ಅಟೆಂಡರ್ ಮಾಡಿಕೊಳ್ಳುತ್ತೇವೆ ಎಂದು ಪ್ರೊಫೆಸರರು ಅವನ ಎದುರಿಗೇ ಹೇಳಿದ್ದರು. ಅವನಿಗೆ ಒಬ್ಬಳೇ ಮಗಳು, ಜಯಮ್ಮ, ಆಗ ಏಳೆಂಟು ವರ್ಷ. ಅವಳನ್ನು ಬೆಂಗಳೂರಿನ ಶಾಲೆಗೆ ಸೇರಿಸುವುದು, ಚಾಮರಾಜಪೇಟೆಯ ಕಡೆ ಒಂದು ಕೋಣೆ ಹಿಡಿಯುವುದು, ಎಲ್ಲವನ್ನೂ ಅವನು ಆಷಾಢಕ್ಕೇ ಯೋಚಿಸಿಟ್ಟಿದ್ದ.

ಕೆಲಸದ ಕ್ರಮ ಹೀಗಿತ್ತು. ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ಸಂಶೋಧನಾಲಯದಲ್ಲಿ ದ್ರವ ನೈಟ್ರೋಜನ್ ಸಿಗುತ್ತಿತ್ತು. ಅದನ್ನು ಫ್ಲಾಸ್ಕಿನಲ್ಲಿ ತುಂಬಿಸಿ ಬಸ್ಸಿನ ಟಾಪಿನ ಮೇಲೆ ಕಟ್ಟಿಸಿಕೊಂಡು ನಾನು ಬರುತ್ತಿದ್ದೆ. ಫ್ಲಾಸ್ಕಿನ ಬಾಯಿಂದ ಬಿಳಿ ಹೊಗೆ ಬರುವುದನ್ನು ನೋಡಿ ಒಂದು ಸಲ ದಾಬಸ್‌ಪೇಟೆಯ ಮುದುಕರೊಬ್ಬರು ಬೆಂಕಿ ಎಂದು ಕೂಗಿ ಅರ್ಧ ಬಸ್ಸು ಇಳಿಸಿದ್ದರು. ರಸ್ತೆಯಿಂದ ಬಿದಿರಿಗೆ ಕಟ್ಟಿ ಇಬ್ಬರು ಹೆಗಲ ಮೇಲೆ ಹೊತ್ತು ತರುತ್ತಿದ್ದೆವು. ಬಂದ ಕೂಡಲೇ ತಾಮ್ರದ ತುಂಡನ್ನು ಅದರಲ್ಲಿ ಇಳಿಸಬೇಕು, ತಡ ಮಾಡಿದರೆ ನೈಟ್ರೋಜನ್ ಆವಿಯಾಗಿ ಮೂರು ದಿನಕ್ಕೆ ಸಾಲುವುದಿಲ್ಲ. ತಣ್ಣಗಾಗಿ ಸರಿಯಾಗಿ ಒಂದು ಗಂಟೆ ಕಳೆದ ಕೂಡಲೇ, ತುಂಡಿನ ಸುತ್ತಲಿನ ತಂತಿಸುರುಳಿಗೆ ಬ್ಯಾಟರಿ ಸೇರಿಸಿ ಕಾಂತಕ್ಷೇತ್ರ ಕೊಡಬೇಕು ಎಂಬುದು ಪ್ರೊಫೆಸರರ ಕಟ್ಟಪ್ಪಣೆ. ಬ್ಯಾಟರಿಗಳು ನಾಲ್ಕು, ಲಾರಿಯವು. ಅವು ನೆಲಮಂಗಲದಲ್ಲಿ ಚಾರ್ಜಾಗಿ, ರಸ್ತೆಯ ಕೈಮರದ ಬಳಿ ಇಳಿದು, ಅಲ್ಲಿಂದ ಚಿಕ್ಕಪ್ಪನ ಗಾಡಿಯಲ್ಲಿ ಬರಬೇಕು.

ಗುರುವಾರ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಸೋಮವಾರ ಗಾಡಿ ಬರುತ್ತಿರಲಿಲ್ಲ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಅವತ್ತು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಬೆಂಗಳೂರಿನಲ್ಲಿ ಕೂತು ದಿನ ಗೊತ್ತುಮಾಡುವಾಗ ಹೊಳೆಯಲಿಲ್ಲ, ಹೊಳೆದ ಮೇಲೆ ಹೇಳಲು ಬಾಯಿ ಬರಲಿಲ್ಲ. ಚಿಕ್ಕಪ್ಪನನ್ನು ಬೇಡಿಕೊಂಡೆ. ನಿಮ್ಮ ತಾಮ್ರ ಮಂಗಳವಾರದವರೆಗೆ ಕಾಯಲಿ, ನನ್ನ ಎತ್ತು ವಾರಪೂರ್ತಿ ಕಾದಿರುತ್ತವೆ ಎಂದುಬಿಟ್ಟರು. ಮೊದಲನೆಯ ಸೋಮವಾರ ಗಂಗಹನುಮಯ್ಯ ಒಂದು ಬ್ಯಾಟರಿಯನ್ನು ಸಿಂಬಿ ಸುತ್ತಿ ತಲೆಯ ಮೇಲೆ ಹೊತ್ತು ತಂದ. ದಾರಿಯಲ್ಲಿ ಆಸಿಡ್ ತುಳುಕಿ ಭುಜದ ಮೇಲೆ ಅಂಗೈಯಗಲ ಚರ್ಮ ಸುಟ್ಟುಹೋಯಿತು. ಇನ್ನು ಬೇಡ ಎಂದೆ. ಅಲ್ಲಿಂದ ಮುಂದೆ ಸೋಮವಾರದ ತುಂಡು ತಣ್ಣಗಾಗಿ ಒಂದು ಇಡೀ ದಿನ ಸುಮ್ಮನೆ ಕೂತಿರುತ್ತಿತ್ತು, ಮಂಗಳವಾರ ಮಧ್ಯಾಹ್ನ ಬ್ಯಾಟರಿ ಬಂದಮೇಲೆ ಕ್ಷೇತ್ರ. ದಾಖಲೆ ಪುಸ್ತಕದ ಮೊದಲ ಕಲಂ ತುಂಬುತ್ತಿದ್ದವನು ನಾನು. ಸೋಮವಾರಕ್ಕೂ ಗುರುವಾರಕ್ಕೂ ಒಂದೇ ಬರೆದೆ, ತಣ್ಣಗಾದ ಒಂದು ಗಂಟೆಗೆ ಕ್ಷೇತ್ರ ಕೊಟ್ಟಿದೆ ಎಂದು. ಒಂದು ಗಂಟೆಯಾದರೇನು, ಒಂದು ದಿನವಾದರೇನು, ಲೋಹಕ್ಕೆ ಗೊತ್ತಾಗುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂದಿನ ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು.

ಆಮೇಲಿನ ಅಂಕಿಗಳೆಲ್ಲ ಗಂಗಹನುಮಯ್ಯನವು. ನಾನು ನಗರಕ್ಕೆ ಮರಳಿದ ಮೇಲೆ ಅವನೊಬ್ಬನೇ. ಉಡಿದಾರದ ಬೀಗದಕೈಯನ್ನು ಹೊಂಗೆ ಮರಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಒಳಗೆ ಹೋಗಿ, ಚುಕ್ಕೆ ಎಲ್ಲಿ ನಿಂತಿದೆಯೋ ಅಲ್ಲಿಯ ಅಂಕಿ ಬರೆದು ಹೊರಬರುವನು. ಒಂದು ನಿಮಿಷಕ್ಕೆ, ಎರಡಕ್ಕೆ, ನಾಲ್ಕಕ್ಕೆ, ಹಾಗೇ ಹೊತ್ತು ಇಮ್ಮಡಿಸುತ್ತಾ ಮೂರನೆಯ ದಿನದವರೆಗೆ. ಶ್ರಾವಣ ಕಳೆದು ಗೌರಿ ಹಬ್ಬ ಬರುವ ಹೊತ್ತಿಗೆ ನನಗೆ ನಿದ್ದೆ ಹೋಯಿತು. ಅಂಕಿಗಳನ್ನು ಗ್ರಾಫಿನಲ್ಲಿ ಎಳೆದರೆ ಗುರುವಾರದ ಗೆರೆಗಳೆಲ್ಲ ಒಂದರ ಮೇಲೊಂದು ಕೂರುತ್ತಿದ್ದವು. ಸೋಮವಾರದವೂ ತಮ್ಮತಮ್ಮಲ್ಲಿ ಕೂರುತ್ತಿದ್ದವು. ಆದರೆ ಸೋಮವಾರದ ತುಂಡು ಗುರುವಾರದ್ದಕ್ಕಿಂತ ಬಹಳ ನಿಧಾನ. ತುಂಡು ಅದಲುಬದಲು ಮಾಡಿದೆ, ರೇಷ್ಮೆ ಎಳೆ ಬದಲಾಯಿಸಿದೆ. ಏನೂ ಬದಲಾಗಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಹೊಂಗೆ ಮರದಡಿ ಕೂತು ಬುತ್ತಿ ಬಿಚ್ಚಿದಾಗ ಗಂಗಹನುಮಯ್ಯ ಅದನ್ನು ಹೇಳಿದ.

"ರಾಜಣ್ಣೋರೆ, ಸೋಮವಾರದ್ದು ಒಂದಿನ ಸುಮ್ನೆ ಕೂತಿರ್ತದಲ್ಲ, ಅದ್ಕೇ ಏಳೋಕೆ ಹೊತ್ತಾಗದು. ಎಷ್ಟೊತ್ತು ಕೂತಿತ್ತೋ ಅಷ್ಟೊತ್ತು ಮೊಂಡಾಟ ಮಾಡ್ತದೆ. ನೀವು ಎರಡು ದಿನ ಕೂರ್ಸಿ ನೋಡಿ, ಇನ್ನೂ ಜಾಸ್ತಿ ಆಗ್ದಿದ್ರೆ ನನ್ನ ಕೇಳಿ."

ಲೋಹ ಏನು ಮನುಷ್ಯನೇ ಗಂಗಣ್ಣ, ಕೂತಷ್ಟೂ ಜಡ್ಡುಗಟ್ಟಲು ಎಂದು ನಕ್ಕೆ. ನಕ್ಕದ್ದು ಬಾಯಿ ಮಾತ್ರ. ಅವನು ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಅನ್ನಿಸಿತು, ಕೈಯಲ್ಲಿದ್ದ ಮುದ್ದೆಯ ತುತ್ತು ಹಾಗೇ ನಿಂತಿತು. ಆದರೆ ಅದನ್ನು ಪರೀಕ್ಷಿಸಬೇಕೆಂದರೆ ಪ್ರೊಫೆಸರರಿಗೆ ಹೇಳಬೇಕು. ಹೇಳಬೇಕೆಂದರೆ ಐದು ತಿಂಗಳಿಂದ ಪುಸ್ತಕದಲ್ಲಿ ನಾನು ಸುಳ್ಳು ಬರೆದಿದ್ದೇನೆ, ಅದೂ ಎತ್ತಿನ ರಜೆಯನ್ನು ಮುಚ್ಚಿಡಲು ಎಂದು ಒಪ್ಪಿಕೊಳ್ಳಬೇಕು. ಅದು ತುರ್ತುಪರಿಸ್ಥಿತಿಯ ಕಾಲ. ಕಚೇರಿಗೆ ಹತ್ತು ನಿಮಿಷ ತಡವಾಗಿ ಬಂದವನಿಗೂ ಮೆಮೊ ಹೋಗುತ್ತಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರವೂ ಹಾಗೇ ಅಂದುಕೊಂಡೆ.

ರಾಗಿ ಕೊಯ್ಲಿನ ಹೊತ್ತಿಗೆ ಪ್ರೊಫೆಸರರು ತಾವಾಗಿಯೇ ಬಂದರು. ಜೀಪನ್ನು ಬದುವಿನಾಚೆ ನಿಲ್ಲಿಸಿ, ಪುಸ್ತಕ ತರಿಸಿಕೊಂಡು ಅಲ್ಲೇ ನಿಂತು ತಿರುವಿಹಾಕಿದರು. ಮಂಜು ಇನ್ನೂ ಬಿಟ್ಟಿರಲಿಲ್ಲ. ಗಂಗಹನುಮಯ್ಯ ಗುಡಿಸಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ, ನಮ್ಮ ಮಾತು ಕೇಳಿಸುವಷ್ಟು ಹತ್ತಿರದಲ್ಲಿ ಅವನಿರಲಿಲ್ಲ. ಕಾಯಂ ಆಗುವ ಮಾತಿಗೇ ಬಂದಿದ್ದಾರೆ ಎಂದು ಅವನು ಬಿಳಿ ಪಂಚೆ ಉಟ್ಟು ಬಂದಿದ್ದ.

ಪ್ರೊಫೆಸರರು ದನಿ ಎತ್ತುವ ಮನುಷ್ಯರಲ್ಲ. "ಸೋಮವಾರಕ್ಕೊಂದು ಭೌತಶಾಸ್ತ್ರ, ಗುರುವಾರಕ್ಕೊಂದು ಭೌತಶಾಸ್ತ್ರ ಇರೋಲ್ಲ ರಾಜಣ್ಣ. ಎರಡೂ ದಿನ ಎಲ್ಲಾ ಒಂದೇ ಥರ ನಡೆದಿದೆಯಾ? ಒಂದು ಗಂಟೆಗೆ ಸರಿಯಾಗಿ?"

"ಹೌದು ಸಾರ್," ಎಂದೆ.

"ಹಾಗಾದ್ರೆ ಇವನು ನೋಡದೆ ಕೂತಲ್ಲೇ ಬರೆದಿದ್ದಾನೆ," ಎಂದರು.

ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಎನ್ನಲಿಲ್ಲ. ಬಾಯಿ ಬಿಟ್ಟಿದ್ದರೆ ನನ್ನ ಪಿಎಚ್‌ಡಿ ಹೋಗುತ್ತಿತ್ತೇನೋ, ಬೈಗುಳದಲ್ಲೇ ಮುಗಿಯುತ್ತಿತ್ತೇನೋ, ಇವತ್ತಿಗೂ ಗೊತ್ತಿಲ್ಲ. ಜೀಪು ಹೋದಮೇಲೆ ಗಂಗಹನುಮಯ್ಯ ಹತ್ತಿರ ಬಂದು, ಏನಂದರು ಎಂದು ಕೇಳಿದ. ಅಂಕಿಗಳ ವಿಷಯ ಎಂದೆ. ಅವನು ಖುಷಿಯಾಗಿ, ಸೋಮವಾರದ ಮೊಂಡಾಟದ ವಿಷಯವೂ ಹೇಳಿದಿರಾ ಎಂದ.

ಡಿಸೆಂಬರಿನಲ್ಲಿ ಕಾಗದ ಬಂತು. ಅಳತೆಗಳನ್ನು ನೋಡದೆ ಕಲ್ಪಿಸಿ ಬರೆದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಎರಡೇ ಸಾಲು. ಅವನು ಅದನ್ನು ಹಿಡಿದು ನಮ್ಮ ಮನೆ ಜಗಲಿಗೆ ಬಂದ. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ, ಕಾಗದದಲ್ಲಿ ಏನೋ ಕೈತಪ್ಪಾಗಿದೆ ಎಂದೇ ಅವನ ಎಣಿಕೆ. ಸೋಮವಾರ ಗಾಡಿ ಬರುವುದಿಲ್ಲ, ತುಂಡು ಒಂದು ದಿನ ಕೂತಿರುತ್ತದೆ, ಇಷ್ಟನ್ನು ಅವರಿಗೆ ಒಂದು ಸಲ ಹೇಳಿದರೆ ಸಾಕಲ್ಲವಾ ಎಂದ.

"ಹೇಳ್ದೆ ಗಂಗಣ್ಣ," ಎಂದೆ. "ಎಷ್ಟು ಹೇಳಿದ್ರೂ ಅವ್ರು ಕೇಳ್ಲಿಲ್ಲ."

ಈ ಮಾತು ಹೇಗೆ ಬಂತೋ ನನಗೆ ತಿಳಿಯದು. ತಡವರಿಸದೆ ಬಂತು. ಅವನು ನನ್ನ ಎರಡೂ ಕೈ ಹಿಡಿದುಕೊಂಡು, ಹೋಗಲಿ ಬಿಡಿ, ನೀವಾದರೂ ಹೇಳಿದಿರಲ್ಲ ಎಂದು ಎದ್ದುಹೋದ. ನಾನು ಒಳಗೆ ಹೋಗಿ ಹಿತ್ತಲಲ್ಲಿ ಕೂತು ಅತ್ತೆ. ಅತ್ತು ಮುಖ ತೊಳೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ.

ಸಂಕ್ರಾಂತಿ ಕಳೆದ ಮೇಲೆ ಪ್ರೊಫೆಸರರ ಆಜ್ಞೆಯಂತೆ ಎಲ್ಲ ಅಳತೆಯನ್ನೂ ನಾನೇ ಮತ್ತೆ ಮಾಡಿದೆ. ಈ ಸಲ ಬಾಡಿಗೆ ಟ್ರ್ಯಾಕ್ಟರಿನಲ್ಲಿ ಬ್ಯಾಟರಿ ತರಿಸಿದೆ. ಸೋಮವಾರವೂ ಸರಿಯಾಗಿ ಒಂದು ಗಂಟೆಗೆ ಕ್ಷೇತ್ರ ಕೊಟ್ಟೆ. ಗೆರೆಗಳೆಲ್ಲ ಒಂದರ ಮೇಲೊಂದು ಕೂತವು, ಕೂರಲೇಬೇಕಿತ್ತು. ಪ್ರೊಫೆಸರರು ಅದನ್ನು ನೋಡಿ, ನೋಡಿದೆಯಾ, ಮೊದಲೇ ಹೀಗೆ ಮಾಡಿದ್ದರೆ ಎಂದರು. ಹೀಗೆ ಗಂಗಹನುಮಯ್ಯನ ಅಪರಾಧ ಎರಡನೆಯ ಸಲ ಸಾಬೀತಾಯಿತು, ಸಾಬೀತು ಮಾಡಿದವನು ನಾನು. ನನಗೆ ಡಾಕ್ಟರೇಟ್ ಬಂತು, ಕೆಲಸ ಸಿಕ್ಕಿತು.

ಅವನ ಸುದ್ದಿ ಅಮ್ಮನಿಂದ ತಿಳಿಯುತ್ತಿತ್ತು. ಬೆಂಗಳೂರಿನವರು ಸುಳ್ಳು ಅಂಕಿ ಬರೆದನೆಂದು ಓಡಿಸಿದರಂತೆ ಎಂಬ ಮಾತು ತಾಲ್ಲೂಕು ಕಚೇರಿಗೂ ಮುಟ್ಟಿತು. ಮಳೆ ಅಳೆಯುವ ಕೆಲಸವನ್ನು ಅವನಿಂದ ತೆಗೆದು ಶಾಲೆಯ ಜವಾನನಿಗೆ ಕೊಟ್ಟರು. ಆ ಕೆಲಸದಲ್ಲಿ ಸಿಗುತ್ತಿದ್ದುದು ಎಲೆ ಅಡಿಕೆಗೆ ಆಗುವಷ್ಟು. ಆದರೆ ಊರಿನಲ್ಲಿ ಅವನ ಮರ್ಯಾದೆ ನಿಂತಿದ್ದುದು ಅದರ ಮೇಲೆ. ಆಮೇಲೆ ಮಳೆ ಬಂದರೆ ಅವನು ಎದ್ದು ಒಳಗೆ ಹೋಗುತ್ತಿದ್ದನಂತೆ. ನೆಲಮಂಗಲದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಸೇರಿದ. ಅಲ್ಲಿಯ ಹೊಟ್ಟಿನ ದೂಳು ಎದೆಗೆ ಇಳಿದು ಕೆಮ್ಮು ಹಿಡಿಯಿತು. ಜಯಮ್ಮ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಳು.

ಸುಮಾರು ಹತ್ತು ವರ್ಷ ಕಳೆದಿರಬೇಕು. ಸಂಶೋಧನಾಲಯದ ಗ್ರಂಥಾಲಯದಲ್ಲಿ ಹೊರದೇಶದ ಪತ್ರಿಕೆಯೊಂದನ್ನು ತಿರುವುತ್ತಿದ್ದೆ. ಇಂಥ ಲೋಹಗಳು ತಣ್ಣಗೆ ಕೂತಷ್ಟೂ ಹೊತ್ತು ಮುದಿಯಾಗುತ್ತವೆ, ಎಷ್ಟು ಹೊತ್ತು ಕೂತಿದ್ದವೋ ಹೆಚ್ಚುಕಡಿಮೆ ಅಷ್ಟೇ ಹೊತ್ತು ಕ್ಷೇತ್ರಕ್ಕೆ ಮಣಿಯಲು ಹಿಂದೇಟು ಹಾಕುತ್ತವೆ ಎಂದು ಗೆರೆ ಸಮೇತ ಅಲ್ಲಿ ಅಚ್ಚಾಗಿತ್ತು. ಹೊಂಗೆ ಮರದಡಿ ಕೂತು ಗಂಗಹನುಮಯ್ಯ ಹೇಳಿದ್ದೇ ಅದು. ಪತ್ರಿಕೆಯನ್ನು ಮುಚ್ಚಿದೆ, ಮತ್ತೆ ತೆರೆದೆ. ಪ್ರೊಫೆಸರರು ಆಗಲೇ ತೀರಿಕೊಂಡಿದ್ದರು. ಅವನಿಗೆ ಹೇಳಲೇಬೇಕು, ಎಲ್ಲವನ್ನೂ ಹೇಳಬೇಕು, ನಾನು ಮಾಡಿದ್ದನ್ನೂ ಬಿಡದೆ ಹೇಳಬೇಕು ಎಂದು ಭಾನುವಾರ ಹೊರಟೆ.

ಅವನು ಗೋಡೆಗೆ ಒರಗಿ ಕೂತಿದ್ದ. ಅರ್ಧ ಆಳಾಗಿದ್ದ. ನನ್ನನ್ನು ಕಂಡು ಏಳಲು ಹೋಗಿ ಕೆಮ್ಮಿ ಕೂತ. ಹೆಂಡತಿ ಚಾಪೆ ಹಾಸಿದಳು. ಬಾಣಂತನಕ್ಕೆ ತವರಿಗೆ ಬಂದಿದ್ದ ಜಯಮ್ಮ ಕೂಸನ್ನು ಎತ್ತಿಕೊಂಡೇ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಪತ್ರಿಕೆ ತೆಗೆದು ಗೆರೆ ತೋರಿಸಿ, ನೀನು ಅಂದದ್ದು ಸರಿ ಗಂಗಣ್ಣ, ಈಗ ಪ್ರಪಂಚವೇ ಒಪ್ಪಿಕೊಂಡಿದೆ ಎಂದೆ. ಅವನು ಗೆರೆಯ ಮೇಲೆ ಬೆರಳು ಓಡಿಸುತ್ತಾ ಬಹಳ ಹೊತ್ತು ನೋಡಿದ.

"ಇದು ನಂಗೆ ಗೊತ್ತಿತ್ತು ಬುಡಿ, ನೋಡಿದ್ನಲ್ಲ," ಎಂದ. "ಊರೆಲ್ಲಾ ಸುಳ್ಳ ಅಂದ್ರೂ ನಾನು ತಡ್ಕಂಡೆ. ಯಾಕೇಂದ್ರೆ ನೀವೊಬ್ರು ನನ್ನ ಪರ ಮಾತಾಡಿದ್ರಿ. ಓದಿರೋರು, ಎಲ್ಲಾ ಕಣ್ಣಲ್ಲಿ ಕಂಡಿರೋರು. ಅಷ್ಟು ಸಾಕಿತ್ತು ನಂಗೆ."

ಗಂಗಣ್ಣ, ಅವತ್ತು ಏನಾಯಿತೆಂದರೆ ಎಂದು ಶುರು ಮಾಡಿದೆ. ಅವನು ಕೈ ಎತ್ತಿ ತಡೆದು ಮಗಳನ್ನು ಹತ್ತಿರ ಕರೆದ. ಅತ್ತೆ ಮನೆಯವರು ಇವಳನ್ನು ಸುಳ್ಳನ ಮಗಳು ಎಂದು ಹಂಗಿಸುತ್ತಾರೆ, ನಾನು ಹೇಳಿದರೆ ಅಪ್ಪ ತಾನೇ, ಹೇಳುತ್ತಾನೆ ಎಂದುಕೊಳ್ಳುತ್ತಾಳೆ ಎಂದ.

"ಅವತ್ತು ಜೀಪಿನ ಹತ್ರ ಅವ್ರಿಗೆ ಏನೇನ್ ಹೇಳಿದ್ರಿ ಅಂತ ನಿಮ್ಮ ಬಾಯಲ್ಲಿ ಇವ್ಳಿಗೆ ಒಂದ್ಸಲ ಹೇಳಿ ರಾಜಣ್ಣೋರೆ."

ಜಯಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ನನ್ನ ಎದುರಿಗೆ ಕೂತಳು. ನಾನು ಹೇಳಿದೆ. ಗಂಗಣ್ಣ ನೋಡದೆ ಬರೆಯುವ ಮನುಷ್ಯನಲ್ಲ ಎಂದು ವಾದಿಸಿದೆ ಎಂದೆ. ಪುಸ್ತಕವನ್ನು ಪ್ರೊಫೆಸರರ ಕೈಯಿಂದ ಕಿತ್ತುಕೊಂಡು ಒಂದೊಂದೇ ಪುಟ ತೋರಿಸಿದೆ ಎಂದೆ. ಅವರ ಮುಖ ಕೆಂಪಾಯಿತು, ಇವನನ್ನು ತೆಗೆದರೆ ನನ್ನನ್ನೂ ತೆಗೆಯಿರಿ ಎಂದುಬಿಟ್ಟೆ ಎಂದೂ ಸೇರಿಸಿದೆ. ಅಷ್ಟು ಬೇಕಿರಲಿಲ್ಲ. ಹೇಳುತ್ತಾ ಹೋದಹಾಗೆ ಮಾತು ತಾನಾಗಿ ಬಂತು. ಗಂಗಹನುಮಯ್ಯ ಕಣ್ಣು ಮುಚ್ಚಿಕೊಂಡು, ಒಂದೊಂದು ಮಾತಿಗೂ ತಲೆ ತೂಗುತ್ತಾ ಕೇಳಿದ.

ಮುಗಿದ ಮೇಲೆ ಕಣ್ಣು ಬಿಟ್ಟು ಮಗಳ ಕಡೆ ತಿರುಗಿದ.

"ಕೇಳ್ದೇನವ್ವಾ," ಎಂದ. "ನಾನು ಹೇಳಿರ್ಲಿಲ್ವಾ."